ಸೆರಗಿನ ಗಂಟಿನಲ್ಲಿ ಫ್ಯೂಸು

ಸಿರುಗುಪ್ಪದಿಂದ ದೇಶನೂರಿಗೆ ಹೊರಟ ಬಸ್ಸಿನಲ್ಲಿ ದುರುಗಣ್ಣನ ಮುಂದಿನ ಸೀಟಿಗೆ ಅತ್ತೆ ಸೊಸೆ ಬಂದು ಕೂತರು. ಸೊಸೆಯ ತೊಡೆಯ ಮೇಲೆ ಹೊಸ ಫ್ಯಾನಿನ ಡಬ್ಬಿಯಿತ್ತು. ಮೂವತ್ತು ವರ್ಷ ವೈರಿಂಗ್ ಕೆಲಸ ಮಾಡಿದ ದುರುಗಣ್ಣನ ಕಿವಿ ತಾನಾಗಿ ಅತ್ತ ಹೋಯಿತು.

"ತೊಟ್ಟಿಲ ಕೊಂಡಿ ಐತಲ್ಲ ಸುನಂದಾ, ಅದಕ್ಕ ಹಾಕು."

"ಸರಪಳಿ ತಿಕ್ಕಿ ತಿಕ್ಕಿ ಅದು ಸವದೈತ್ರಿ ಅತ್ತಿ. ಹೊಸಾ ಕೊಂಡಿ ಹಾಕ್ಸೀನಿ."

"ವೈರ್ ಜೋಡಸಾಕರ ಯಾರನ್ನಾದ್ರೂ ಕರಿ."

"ಐಟಿಐನಾಗ ಕಲ್ತಾಕಿ ನಾನು. ನಾನ ಜೋಡಸ್ತೀನಿ."

"ಹೋದ ವರ್ಷ ನಿನ್ನ ಗಂಡಗ ಶಾಕ್ ಹೊಡೀತಲ್ಲ."

"ಅವರು ಏಣಿ ಮ್ಯಾಲಿದ್ದಾಗ ಮಾವ ಟೀವಿ ನೋಡಾಕಂತ ಮೇನ್ ಹಾಕಿದ್ರು."

ಮೇನ್ ಸ್ವಿಚ್ಚಿನ ವಿಷಯ ಹೇಳಲೆಂದೇ ದುರುಗಣ್ಣ ಬಾಯಿ ತೆರೆದಿದ್ದ. ಮುಚ್ಚಿಕೊಂಡ.

"ಈ ಸಲ ಮೇನ್ ಬಂದ್ ಮಾಡಿ, ಫ್ಯೂಸ್ ಕಿತ್ತು ನಿಮ್ಮ ಸೆರಗಿನಾಗ ಕಟ್ತೀನಿ. ಟೆಸ್ಟರ್ ಹಚ್ಚಿ ನೋಡೇ ವೈರ್ ಮುಟ್ಟಾಕಿ. ನಾ ಏಣಿ ಇಳಿಯೋತನಕ ಗಂಟು ಬಿಚ್ಚಬ್ಯಾಡ್ರಿ."

"ನಿಮ್ಮ ಮಾವ ಕೇಳಿದ್ರ?"

"ಕೊಡಬ್ಯಾಡ್ರಿ."

"ನಲವತ್ತು ವರ್ಷದಾಗ ಅವರಿಗೆ ಒಲ್ಲೆ ಅಂದಾಕಿ ಅಲ್ಲ ನಾನು."

"ಇವತ್ತು ಅನ್ರಿ."

ಅತ್ತೆ ಕಿಟಕಿಯಾಚೆ ಗದ್ದೆ ನೋಡುತ್ತ ಕೂತಳು. ದೇಶನೂರು ಬಂದಾಗ ಸೆರಗಿನ ಗಂಟು ಬಿಚ್ಚಿ, ಅದರಲ್ಲಿದ್ದ ಎಲೆ ಅಡಿಕೆಯನ್ನೆಲ್ಲ ಬಾಯಿಗೆ ಹಾಕಿಕೊಂಡಳು.

"ಜಾಗ ಮಾಡೀನಿ, ನಡಿ," ಎಂದು ಸೊಸೆಗಿಂತ ಮೊದಲು ಇಳಿದಳು.