ಯುರೋಪಿನ ತಪಾಸಣೆ, ರಾಚೆಸ್ಟರ್ ಹಿಲ್ಸ್‌ನ ಊಟದ ಸಾಲಿನಲ್ಲಿ

ಅಮೆರಿಕದ ನಮ್ಮೂರಿನ ಕನ್ನಡ ಕೂಟದ ಅಧ್ಯಕ್ಷ ಚಿದಂಬರ ಮೈಕನ್ನು ಕೈಯಲ್ಲಿ ಹಿಡಿದುಕೊಂಡೇ ವೇದಿಕೆ ಇಳಿದು ಊಟದ ಸಾಲಿಗೆ ಬಂದರು. ನನ್ನ ಮುಂದೆ ನಿಂತಿದ್ದ ಕಾಲೇಜು ಹುಡುಗಿ ಇಳಾಳನ್ನು ಮಾತಾಡಿಸಿದರು.

“ನಾಳೆ ನಿಂದು ಏನೋ ಡಿಬೇಟ್ ಐತಂತಲ್ಲ, ಇಳಾ?”

“ಹೌದು ಅಂಕಲ್. ಅಣಕು ಯುರೋಪಿಯನ್ ಪಾರ್ಲಿಮೆಂಟ್. ಸದಸ್ಯ ದೇಶಗಳು ಕಾನೂನು ಪ್ರಕಾರ ನಡೀತಿವೆಯಾ ಅಂತ ಪ್ರತಿ ವರ್ಷ ಹೊರಗಿನವರು ಚೆಕ್ ಮಾಡ್ಬೇಕು ಅನ್ನೋದು ನನ್ನ ವಾದ.”

“ಮಾಡ್ಲೇಬೇಕು. ಕುರ್ಚಿ ಬಿಡದ ಮಂದಿ ಎಲ್ಲಾ ಕಡೆ ಅದಾರ.”

“ಹಾಗಾದ್ರೆ ನಮ್ಮ ಕೂಟದ ಎಲೆಕ್ಷನ್ ಚೆಕ್ ಮಾಡೋಕೆ ಶಿಕಾಗೋ ಕೂಟದವರನ್ನ ಕರೆಯೋಣ್ವಾ? ನಾನು ಮಿಡಲ್ ಸ್ಕೂಲಲ್ಲಿದ್ದಾಗಿಂದ ನೀವೇ ಅಧ್ಯಕ್ಷರು. ಈ ಸಲ ನಾನು ನಿಲ್ತೀನಿ.”

“ಎಲೆಕ್ಷನ್ ಆತಲ್ಲವ್ವ.”

“ಯಾವಾಗ?”

“ಈಗಷ್ಟೇ. ನಾನೇ ಮುಂದುವರೀತೀನಿ ಅಂದೆ, ಎಲ್ಲಾರೂ ಚಪ್ಪಾಳೆ ಹೊಡೆದ್ರು.”

“ಅದು ಊಟ ರೆಡಿ ಅಂದಿದ್ದಕ್ಕೆ, ಅಂಕಲ್.”

“ಎರಡೂ ಒಂದೇ ವಾಕ್ಯದಾಗ ಹೇಳಿದ್ದೆ.”

ಇಳಾ ತಟ್ಟೆ ತೆಗೆದುಕೊಂಡಳು. ಚಿದಂಬರ ದನಿ ತಗ್ಗಿಸಿದರು.

“ಯೂತ್ ವಿಂಗಿಗೆ ನಿನ್ನ ಅಧ್ಯಕ್ಷೆ ಮಾಡ್ತೀನಿ. ಶಾಲು ಹೊದಿಸ್ತೀವಿ, ಫೋಟೋ ಹಾಕ್ತೀವಿ. ಶಿಕಾಗೋದವರು ಅಷ್ಟು ದೂರ ಡ್ರೈವ್ ಮಾಡೋದು ಯಾಕ?”

“ಯೂತ್ ವಿಂಗಲ್ಲಿ ಎಷ್ಟು ಜನ ಇದಾರೆ?”

“ಸದ್ಯಕ್ಕ ನೀ ಒಬ್ಬಾಕಿನೇ. ನಿನಗ ಪೂರ್ತಿ ಬಹುಮತ.”

“ಬೇಡ ಅಂಕಲ್. ಎಲೆಕ್ಷನ್ ಇಡಿ,” ಎಂದು ಇಳಾ ಅನ್ನದ ಕಡೆಗೆ ನಡೆದಳು.