ಒದ್ದೆ ಕತ್ತಿಗೆ ಆಲೂಗಡ್ಡೆ ಹಿಟ್ಟು

ಸ್ವೀಡನ್ನಿನ ಗೋಥೆನ್‌ಬರ್ಗ್ ಊರಿನ ಶಿಶು ಆರೋಗ್ಯ ಕೇಂದ್ರದಲ್ಲಿ ಮೊಮ್ಮಗಳಿಗಾಗಿ ಕಾಯುತ್ತಿದ್ದ ಮುದುಕಿ ಬಾರ್ಬ್ರೊ ಹೆಣಿಗೆಯಿಂದ ತಲೆ ಎತ್ತಲಿಲ್ಲ. ಕಿವಿ ಮಾತ್ರ ಎದುರು ಬೆಂಚಿನ ತಾಯಿ ಮಗಳ ಕಡೆಗಿತ್ತು. ಮಗಳ ಮಡಿಲಲ್ಲಿ ಎಳೆಗೂಸು ಚೀರುತ್ತಿತ್ತು.

“ನೋಡಮ್ಮ, ಕತ್ತಿನ ಮಡಿಕೆಯೆಲ್ಲ ಕೆಂಪಗೆ ಕಿತ್ತುಹೋಗಿದೆ. ಏನು ಬಳಿದೆ?”

“ಪೌಡರಿನ ಬದಲು ಆಲೂಗಡ್ಡೆ ಹಿಟ್ಟು. ನಿನಗೂ ಅದನ್ನೇ ಹಾಕಿದ್ದೆ. ನಮ್ಮಮ್ಮ ನನಗೂ ಹಾಕಿದ್ಲು.”

“ಒರೆಸಿ ಹಾಕಿದ್ಯಾ?”

“ಮಲಗಿದ್ದ ಕಣೇ. ಎಬ್ಬಿಸೋಕೆ ಮನಸ್ಸು ಬರ್ಲಿಲ್ಲ.”

“ಹಾಲು ಇಳಿದು ಒದ್ದೆಯಾಗಿದ್ದ ಕತ್ತಿಗೆ ಹಿಟ್ಟು! ಮಡಿಕೆಯೊಳಗೆ ಅಂಟು ಕಲಸಿಟ್ಟಿದೀಯ. ತೊಳೆದು ಬಿಡಿಸುವಾಗ ಹೇಗೆ ಅತ್ತ ಗೊತ್ತಾ? ಇನ್ಮೇಲೆ ನಿನ್ನ ಹತ್ರ ಬಿಡೋದೇ ಇಲ್ಲ.”

“ಬಿಡಬೇಡ ಹೋಗು! ಈ ಉಣ್ಣೆ ಅಂಗಿಗೆ ಗಂಟಲತನಕ ಗುಂಡಿ ಹಾಕಿದ್ದು ಯಾರು? ನಾನಾ?”

“ಮಾತು ತಿರುಗಿಸ್ಬೇಡ.”

“ತಿರುಗಿಸ್ತಿಲ್ಲ, ಬಿಚ್ಚು ಅಂತಿದೀನಿ. ಸ್ವಲ್ಪ ಗಾಳಿಯಾಡ್ಲಿ.”

ಮಗಳು ಸಿಟ್ಟಿನಲ್ಲಿ ಎಳೆದಾಡಿದರೂ ಗುಂಡಿ ಬಿಚ್ಚಲಾಗಲಿಲ್ಲ. ತಾಯಿಯೇ ಬಿಚ್ಚಿ, ಕೂಸಿನ ಗದ್ದವನ್ನು ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿ ಹಿಡಿದಳು. ಚೀರಾಟ ಬಿಕ್ಕಳಿಕೆಗೆ ಇಳಿಯಿತು. ಬಾರ್ಬ್ರೊ ಕೈಯ ಹೆಣಿಗೆಯೂ ನಿಂತಿತು.

“ಸಿಕ್ಸ್‌ಟೆನ್ ಪಾಪು ಬರಲಿ,” ಎಂದು ನರ್ಸ್ ಬಾಗಿಲಲ್ಲಿ ಕೂಸಿನ ಹೆಸರು ಹಿಡಿದು ಕರೆದಳು.

ಮಗಳು ಕೂಸನ್ನೆತ್ತಿಕೊಂಡು ಎದ್ದಳು. ತಾಯಿ ಕೂತೇ ಇದ್ದಳು.

“ಏನು, ಕಲ್ಲಿನ ಹಾಗೆ ಕೂತಿದೀಯ? ಏಳು! ಕತ್ತು ಹೇಗೆ ಒರೆಸೋದು ಅಂತ ಅವರ ಬಾಯಿಂದಲೇ ಕೇಳಿಸ್ಕೋ. ಮಂಗಳವಾರ ಇವನನ್ನ ನೋಡ್ಕೊಳ್ಳೋದು ಮತ್ಯಾರು, ಪಕ್ಕದ ಮನೆಯವ್ರಾ?”

ತಾಯಿ ಗೊಣಗುತ್ತಲೇ ಚೀಲ ಎತ್ತಿಕೊಂಡು ಮಗಳ ಹಿಂದೆ ಒಳಗೆ ಹೋದಳು.