ಈ ವರ್ಷ ರಿಪೇರಿಗೆ ಬಾರದ ಬೂಟುಗಳು

ಹಲೋ... ಹಲೋ, ಯಾರು ಮಾತಾಡ್ತಿರೋದು? ಟೈಲರ್ ತಾನೇ?...

ಹಾಂ, ನಾನೇ ಕಣೋ, ಬೂಟು ರಿಪೇರಿ. ಗಾಬರಿ ಯಾಕೆ? ನಂಬರ್ ಬೇರೆ ಅಲ್ವಾ, ಅದಕ್ಕೇ ನೀನು ಫೋನು ಎತ್ತಿದ್ದೀಯ. ಪಕ್ಕದ ವಾಚ್ ಅಂಗಡಿಯವನ ಫೋನು ಇದು. ನನ್ನ ಫೋನಿಂದ ನಾಲ್ಕು ದಿನದಿಂದ ಮಾಡ್ತಾನೇ ಇದ್ದೀನಿ, ನಿನಗೆ ಕೇಳಿಸಲೇ ಇಲ್ಲ ಅಲ್ವಾ...

ಸೊಂಟ ನೋವು. ಹಾಂ ಹಾಂ, ಗೊತ್ತು. ಇನ್ನೂ ಮಲಗೇ ಇದ್ದೀಯಾ? ಮಗ್ಗುಲು ಬದಲಾಯಿಸೋಕೂ ಆಗ್ತಿಲ್ವಾ? ಛೇ, ಪಾಪ. ಅಲ್ಲಯ್ಯಾ, ಮಲಗಿರೋನು ಏದುಸಿರು ಯಾಕೆ ಬಿಡ್ತಿದ್ದೀಯ?...

ಫ್ಯಾನಾ? ಅದು ಫ್ಯಾನಿನ ಸದ್ದಾ? ನಿಮ್ಮನೆ ಫ್ಯಾನು ಕಟಕಟ ಅಂತ ಅಲ್ವಾ ಬಡ್ಕೊಳ್ಳೋದು? ಇದು ಭೋರ್ ಅಂತಿದೆ...

ಓಹೋ, ಹೊಸ ಫ್ಯಾನು. ಒಳ್ಳೇದಾಯ್ತು ಬಿಡು. ಏನಿಲ್ಲ, ಸುಮ್ನೆ ಕೇಳ್ದೆ. ಮನೆಯವರು ಹೇಗಿದಾರೆ? ಅಲ್ಲೇ ಇದಾರಾ? ಸೊಂಟಕ್ಕೆ ಮುಲಾಮು ಹಚ್ತಿದಾರಾ? ಈಗಾ? ನಿನ್ನ ಪಕ್ಕದಲ್ಲೇ?...

ಸರಿ, ಅವರ ಕೈಗೆ ಕೊಡು ಫೋನು. ಒಂದು ಮಾತಾಡ್ತೀನಿ...

ಕೊಡೋಕೆ ಯಾಕೆ ಆಗ್ತಿಲ್ಲ ಅಂತ ನಾನೇ ಹೇಳ್ಲಾ? ನಿನ್ನ ಹೆಂಡತಿ ನನ್ನ ಅಂಗಡೀಲಿ, ನನ್ನೆದುರಿಗೇ, ಸ್ಟೂಲ್ ಮೇಲೆ ಕೂತಿದಾರೆ ಕಣಯ್ಯಾ!... ಕೂತ್ಕೊಳ್ಳಿ ತಾಯಿ, ಏಳಬೇಡಿ, ನಿಮ್ಮ ತಪ್ಪೇನಿಲ್ಲ...

ಅವರನ್ನ ಬೈದ್ರೆ ನೋಡು! ಅವರೇನೂ ಬಾಯಿ ಬಿಟ್ಟಿಲ್ಲ. 'ಅಣ್ಣಾ, ಯಾರಿಗೋ ಒಬ್ಬರಿಗೆ ಹೊಸ ಬೂಟು ಕಚ್ಚಿ ಹಿಮ್ಮಡಿ ಗುಳ್ಳೆ ಎದ್ದಿದೆ, ಇನ್ನೂ ಐದು ದಿನ ನಡೀಬೇಕಂತೆ, ಏನು ಮಾಡಬಹುದು' ಅಂತ ಕೇಳಿದ್ರು, ಅಷ್ಟೇ. ಯಾರಿಗೋ ಒಬ್ಬರಿಗೆ! ಎಡಗಾಲು ಬಲಗಾಲಿಗಿಂತ ಒಂಚೂರು ದೊಡ್ಡದು ಅಂತ ಬೇರೆ ಸೇರಿಸಿದ್ರು. ನಿನ್ನ ಕಾಲು ನನಗೆ ಗೊತ್ತಿಲ್ವೇನೋ?...

ಎಲ್ಲಿದ್ದೀಯ? ನಿಜ ಹೇಳು. ಬೆಟ್ಟದ ದಾರೀಲಾ?... ಎಷ್ಟನೇ ದಿನ?... ನಾಲ್ಕನೇ ದಿನ. ಮೇಷ್ಟ್ರೂ ಇದಾರಾ? ಉದ್ದಪ್ಪ?... ಹಾಂ. ಅಂದ್ರೆ ನನ್ನೊಬ್ಬನ್ನ ಬಿಟ್ಟು ಎಲ್ರೂ...

ಅನುಮಾನ ಇತ್ತು ಕಣೋ, ಮೊದಲಿಂದ ಇತ್ತು. ಹದಿನಾರು ವರ್ಷ ನಾವು ನಾಲ್ವರೂ ಒಟ್ಟಿಗೆ ಬೆಟ್ಟಕ್ಕೆ ನಡೆದಿದ್ದೀವಿ, ಪ್ರತಿ ಸಲ ಹೊರಡೋಕೆ ಹದಿನೈದು ದಿನ ಮುಂಚೆ ಮೂರು ಜೊತೆ ಬೂಟು ನನ್ನ ಅಂಗಡಿಗೆ ಬರ್ತಿದ್ವು. ಈ ಸಲ ಒಂದೂ ಇಲ್ಲ. ನಿನಗೆ ಸೊಂಟ ಹಿಡೀತು, ಮೇಷ್ಟ್ರಿಗೆ ಪರೀಕ್ಷೆ ಪೇಪರ್ ತಿದ್ದೋದಿತ್ತು, ಉದ್ದಪ್ಪನ ಮನೆಗೆ ನೆಂಟರು ಬಂದ್ರು. ಮೂವರಿಗೂ ಒಂದೇ ವಾರ! ಚೆನ್ನಾಗಿ ಇಟ್ರಿ ಕಿವಿ ಮೇಲೆ ಹೂವು...

ಮತ್ತೆ ಹೊಸ ಬೂಟು ಯಾಕೆ? ಹಳೇದಕ್ಕೇನು ರೋಗ?... ಏನಂದೆ?... ಹಳೇದನ್ನ ರಿಪೇರಿಗೆ ತಂದ್ರೆ ನನಗೆ ಗೊತ್ತಾಗುತ್ತೆ ಅಂತಾ? ಮೂವರೂ ಹೊಸದು ತಗೊಂಡ್ರಾ? ಅಂಗಡಿಯಿಂದ ತಂದು ಹಾಗೇ ಕಾಲಿಗೆ ಹಾಕ್ಕೊಂಡು ಒಂಬತ್ತು ದಿನದ ದಾರಿಗೆ ಹೊರಟ್ರಾ? ಥೂ ನಿಮ್ಮ, ಬುದ್ಧಿ ಇದೆಯೇನ್ರೋ?...

ನಗಬೇಡ. ನನಗೆ ನಗು ಬರ್ತಿಲ್ಲ. ನಿಮ್ಮ ಮೂವರ ಅಳತೆಗೂ ಬೂಟಿನ ತಳಕ್ಕೆ ಹೊಸ ಅಟ್ಟೆ ಕತ್ತರಿಸಿ ಮೊಳೆಗೆ ನೇತುಹಾಕಿ ಕಾಯ್ತಾ ಕೂತಿದ್ದೆ. ಇವತ್ತೂ ಅಲ್ಲೇ ನೇತಾಡ್ತಿವೆ...

ಹಾಂ, ಹೇಳು ಹೇಳು, ಮಂಡಿ. ನನ್ನ ಮಂಡಿ... ಹೌದಪ್ಪ, ಹೋದ ವರ್ಷ ಇಳಿಜಾರಲ್ಲಿ ಕೂತ್ಬಿಟ್ಟೆ. ನನ್ನಿಂದ ಎರಡು ದಿನ ಹಾಳಾಯ್ತು. ನನ್ನ ಚೀಲಾನೂ ಉದ್ದಪ್ಪನೇ ಹೊತ್ತ. ನಾನು ಇಲ್ಲ ಅಂದ್ನಾ? 'ನೀನು ಬರಬೇಡ' ಅಂತ ಮುಖಕ್ಕೆ ಹೇಳಬಹುದಿತ್ತಲ್ಲೋ. ಎರಡು ದಿನ ಮಾತು ಬಿಡ್ತಿದ್ದೆ. ಮೂರನೇ ದಿನ ನಾನೇ ನಿಮ್ಮನೆಗೆ ಬಂದು ಬೂಟು ಇಸ್ಕೊಂಡು ಹೋಗ್ತಿದ್ದೆ. ಇದು ನೋಡು ಹೊಟ್ಟೆ ಉರಿಸೋದು, ಈ ಕದ್ದು ಮುಚ್ಚಿ ಹೋಗೋದು...

ಏನು? ನನ್ನ ಬಿಟ್ಟು ಹೋಗೋದು ಅಂತ ಕೈ ಎತ್ತಿ ತೀರ್ಮಾನ ಮಾಡಿದ್ರಾ? ಯಾವತ್ತು?... ಮೇಷ್ಟ್ರ ಮನೇಲಾ? ಆ ಭಾನುವಾರ ನಾನು ಒಳಗೆ ಬಂದ ತಕ್ಷಣ ಎಲ್ರೂ ಮಾತು ನಿಲ್ಲಿಸಿ ಕ್ಯಾಲೆಂಡರ್ ನೋಡ್ತಾ ಕೂತ್ರಲ್ಲ, ಆವತ್ತಾ?... ಹಾಂ. ಹಾಂ...

ಇರು, ಇಡಬೇಡ. ಮೊದಲು ಕಾಲಿನ ವಿಷ್ಯ. ಗುಳ್ಳೆ ಒಡೀಬೇಡ. ಒರೆಸಿ, ಒಣಗಿಸಿ, ಮೇಲೆ ದಪ್ಪ ಪಟ್ಟಿ ಅಂಟಿಸು. ಬೂಟಿನ ಹಿಂಭಾಗನ ಒದ್ದೆ ಬಟ್ಟೇಲಿ ಒರೆಸಿ, ಒಳಗಿಂದ ದುಂಡನೆ ಕಲ್ಲಲ್ಲಿ ಮೆತ್ತಗೆ ಜಜ್ಜು. ಲೇಸು ಬೆರಳ ಹತ್ರ ಸಡಿಲ, ಮೇಲೆ ಬಿಗಿ. ಹಿಮ್ಮಡಿ ಒಳಗೆ ಆಡಬಾರದು. ಗೊತ್ತಾಯ್ತಾ? ಮೇಷ್ಟ್ರಿಗೂ ಹೇಳು, ಅವರು ನೋವಾದ್ರೂ ಬಾಯಿ ಬಿಡೋರಲ್ಲ...

ಕ್ಷಮೆ ಗಿಮೆ ಎಲ್ಲ ಬೇಡ. ಒಂದೇ ಒಂದು ಕೇಳ್ತೀನಿ, ಸುಳ್ಳು ಹೇಳಬೇಡ. ಒಂದೇ ಬೆಂಚಲ್ಲಿ ಕೂತು ಓದಿದವರು ನಾನು ನೀನು. ಮೊದಲು ಕೈ ಎತ್ತಿದ್ದು ಯಾರು?...

ಮೇಷ್ಟ್ರಾ?... ಅಲ್ವಾ? ಅವರು ಎತ್ತಲೇ ಇಲ್ವಾ?...

ಹಾಗಾದ್ರೆ ಉದ್ದಪ್ಪ. ಹೋಗ್ಲಿ ಬಿಡು, ಚೀಲ ಹೊತ್ತವನು, ಅವನು ಎತ್ತಿದ್ರೂ ತಪ್ಪಿಲ್ಲ...

ಅವನೂ ಮೊದಲು ಎತ್ತಿದ್ದಲ್ವಾ?... ಅಲ್ಲೋ, ಅಲ್ಲಿ ಇದ್ದಿದ್ದೇ ಮೂರು ಜನ ಅಲ್ವಾ?...

ಮಾತಾಡೋ... ಹಲೋ?... ಹಲೋ, ಲೈನ್ ಹೋಯ್ತಾ, ಇಲ್ಲಾ ನೀನೇ ಇಟ್—